ಇನ್ನೊಂದು ಸಲ ಹೇಳಿ

ಯುಲೇಡಿಸ್‌ಳನ್ನು ಊಟ ಬಡಿಸುವ ಕೆಲಸದಿಂದ ತೆಗೆದು ಬಟ್ಟೆ ಒಗೆಯುವ ನೆಲಮಾಳಿಗೆಗೆ ಹಾಕಿದ್ದಾರೆ ಅಂತ ಗೊತ್ತಾದಾಗ ನಾವು ಇಂಗ್ಲಿಷ್ ಪಾಠಕ್ಕೆ ಕೂತಿದ್ದೆವು. ಕಾರ್ತಹೇನಾ ಅನ್ನುವ ಕಡಲತೀರದ ಊರಿನ ಕೋಟೆಯೊಳಗಿನ ಒಂದು ಹೋಟೆಲಿನಲ್ಲಿ ನಾವೆಲ್ಲ ಬಡಿಸುವವರು. ಪಾಳಿಗೆ ಮೊದಲು ಚರ್ಚಿನ ಹಿಂದಿನ ಕೋಣೆಯಲ್ಲಿ ಎವರಾರ್ದೊ ಮೇಷ್ಟ್ರು ನಮಗೆ ಪಾಠ ಹೇಳುತ್ತಿದ್ದರು.

ನಡೆದದ್ದು ಇಷ್ಟು. ಅಮೆರಿಕದ ಗಿರಾಕಿಯೊಬ್ಬ ತನಗೆ ಸೀಗಡಿ ಆಗಲ್ಲ ಅಂದಿದ್ದ. ಯುಲೇಡಿಸ್ ಕಿವಿಗೆ ಅದು ‘ಆಗುತ್ತೆ’ ಅಂತ ಬಿದ್ದಿತ್ತು. ತೆಂಗಿನಹಾಲಿನ ಅನ್ನದ ಮೇಲೆ ಸೀಗಡಿ ಹಾಕಿ ತಂದಿಟ್ಟಳು. ಎರಡು ತುತ್ತು ತಿನ್ನುವಷ್ಟರಲ್ಲಿ ಅವನ ತುಟಿ ಊದಿತು, ಉಸಿರು ಕಟ್ಟಿತು. ಆಸ್ಪತ್ರೆಗೆ ಸಾಗಿಸಿದರು. ಪುಣ್ಯಕ್ಕೆ ಬದುಕಿಕೊಂಡ.

ಮೇಷ್ಟ್ರು ಫೋನಿನಲ್ಲಿ ಇಂಗ್ಲಿಷ್ ಮಾತಿನ ಒಂದು ರೆಕಾರ್ಡಿಂಗ್ ಹಾಕಿದರು. “ಇದು ಆಗುತ್ತೆ ಅನ್ನೋ ‘ಕ್ಯಾನ್’ಓ, ಆಗಲ್ಲ ಅನ್ನೋ ‘ಕ್ಯಾಂಟ್’ಓ?”

ನಮ್ಮಲ್ಲಿ ಅರ್ಧ ಜನ ಅದು ಅಂದೆವು, ಅರ್ಧ ಜನ ಇದು ಅಂದೆವು.

“ಟಕಾರ ನುಂಗಿದ್ದು ಆ ಗಿರಾಕಿ, ಶಿಕ್ಷೆ ಮಾತ್ರ ಇವಳಿಗೆ,” ಅಂದ ಒಬೆದ್. ಬಾರಿನ ಕಡೆಯ ಮೇಜುಗಳಿಗೆ ಬಡಿಸುವ ಅವನ ನಾಲಿಗೆ ಯಾವಾಗಲೂ ಹರಿತ.

“ಟಕಾರ ಹುಡುಕ್ಬೇಡಿ, ಅದು ಕಿವಿಗೆ ಸಿಗಲ್ಲ,” ಅಂದರು ಮೇಷ್ಟ್ರು. “ಆಗುತ್ತೆ ಅನ್ನೋವಾಗ ‘ಕನ್’ ಅಂತ ಹಾರಿಸಿಬಿಡ್ತಾರೆ, ಒತ್ತೆಲ್ಲ ಮುಂದಿನ ಮಾತಿನ ಮೇಲೆ. ಆಗಲ್ಲ ಅನ್ನೋವಾಗ ‘ಕ್ಯಾ’ ಮೇಲೆ ಒತ್ತು ಬೀಳುತ್ತೆ. ಕೇಳಿ ಇನ್ನೊಂದ್ಸಲ.”

ಈ ಸಲ ಹೆಚ್ಚುಕಮ್ಮಿ ಎಲ್ಲರಿಗೂ ತಿಳಿಯಿತು. ಯುಲೇಡಿಸ್ ಮಾತ್ರ ತಲೆ ಎತ್ತಲಿಲ್ಲ.

“ನಂಗೆ ಆಗಲೇ ಅನುಮಾನ ಬಂದಿತ್ತು ಮೇಷ್ಟ್ರೇ.”

“ಮತ್ತೆ ಕೇಳೋದಲ್ವೇನಮ್ಮ? ನಾನು ಹೇಳಿಕೊಟ್ಟ ಮೊದಲನೇ ಪಾಠಾನೇ ಅದು.”

“ಹೇಗೆ ಕೇಳ್ಲಿ?”

ಮೇಷ್ಟ್ರಿಗೆ ಗೊತ್ತಿಲ್ಲದ ಸಂಗತಿಯನ್ನು ಒಬೆದ್ ಬಿಡಿಸಿ ಹೇಳಿದ. ಗಿರಾಕಿಯ ಬಾಯಲ್ಲಿ ಒಂದೇ ಮಾತನ್ನು ಎರಡು ಸಲ ಹೇಳಿಸಬಾರದು ಅನ್ನುವುದು ಮ್ಯಾನೇಜರ್ ಲೊಸಾನೊ ಮಾಡಿದ್ದ ಕಟ್ಟಳೆ. ಹೇಳಿಸಿದರೆ ನಮಗೆ ಇಂಗ್ಲಿಷ್ ಬರಲ್ಲ ಅಂತ ಗೊತ್ತಾಗಿ ಹೋಟೆಲಿನ ಮರ್ಯಾದೆ ಹೋಗುತ್ತದಂತೆ. ಹಿಂದೊಮ್ಮೆ ಹಾಗೆ ಕೇಳಿದ್ದಕ್ಕೆ, “ಕಿವಿ ಮನೇಲಿ ಬಿಟ್ಟು ಬಂದಿದ್ದೀಯಾ?” ಅಂತ ಗಿರಾಕಿಗಳ ಎದುರೇ ಯುಲೇಡಿಸ್‌ಳನ್ನು ಬೈದಿದ್ದ.

ಇದನ್ನು ಕೇಳಿ ಮೇಷ್ಟ್ರ ಮುಖ ಕೆಂಪಗಾಯಿತು. “ಅರ್ಥವಾಗದೇ ಇದ್ದಾಗ ಕೇಳೋದೂ ಭಾಷೇನೇ. ಅದನ್ನೇ ಕಿತ್ತುಕೊಂಡ ಮೇಲೆ ಇಲ್ಲಿ ನಾನು ಏನು ಕಲಿಸ್ತಾ ಇದ್ದೀನಿ?”

ಮಾರನೇ ದಿನ ಯುಲೇಡಿಸ್ ಲೊಸಾನೊ ಹತ್ತಿರ ಹೋದಳು. ನಾನೂ ಒಬೆದ್‌ನೂ ಬೆನ್ನಿಗೆ ನಿಂತೆವು.

“ಎಲ್ಲರ ಮುಂದೆ ತಪ್ಪು ನನ್ನದು ಅಂತ ಹೇಳು. ಮೇಲಕ್ಕೆ ಕರೆಸೋ ವಿಚಾರ ನೋಡ್ತೀನಿ,” ಅಂದ ಅವನು.

“ಆಸ್ಪತ್ರೆಗೆ ಹೋಗಿ ಆ ಮನುಷ್ಯನ ಹತ್ರ ಕ್ಷಮೆ ಕೇಳಿಯೇ ಬಂದಿದ್ದೀನಿ ಸರ್,” ಅಂದಳು ಯುಲೇಡಿಸ್. “‘ನಾನೂ ಗೊಣಗಿದ್ದೆ, ನೀನು ಇನ್ನೊಂದ್ಸಲ ಕೇಳಬಹುದಿತ್ತಲ್ಲ’ ಅಂತ ಅವರೇ ಅಂದ್ರು. ನನ್ನ ಬಾಯಿ ಕಟ್ಟಿದ್ದು ನೀವು. ನಿಮ್ಮ ಹತ್ರ ಕ್ಷಮೆ ಕೇಳಲ್ಲ.”

“ಹಾಗಾದ್ರೆ ಕೆಳಗೇ ಇರು.”

ಆ ಸಂಜೆ ಹೀಗೆ ಮಾಡೋಣ ಅಂತ ಯಾರೂ ಮೊದಲೇ ಕೂತು ಮಾತಾಡಿಕೊಂಡಿರಲಿಲ್ಲ. ಮೊದಲ ಮೇಜಿನ ಹತ್ತಿರ ಒಬೆದ್ ಬಾಗಿ, “ಕುಡ್ ಯು ರಿಪೀಟ್ ದಟ್, ಪ್ಲೀಸ್?” ಅಂದ. ಪಕ್ಕದ ಮೇಜಿನಲ್ಲಿ ನಾನೂ ಅದನ್ನೇ ಕೇಳಿದೆ. ಆಮೇಲೆ ಪಾಠದವರೆಲ್ಲ ಒಬ್ಬೊಬ್ಬರಾಗಿ ಶುರುಮಾಡಿದರು. ಲೊಸಾನೊ ಬಾಗಿಲಲ್ಲಿ ಹಲ್ಲು ಕಚ್ಚಿಕೊಂಡು ನಿಂತಿದ್ದ. ಯಾವ ಗಿರಾಕಿಯೂ ಮುಖ ಸಿಂಡರಿಸಲಿಲ್ಲ. ಎಲ್ಲರೂ ನಿಧಾನವಾಗಿ, ಬಿಡಿಸಿ ಬಿಡಿಸಿ ಇನ್ನೊಮ್ಮೆ ಹೇಳಿದರು. ಒಬ್ಬ ಮುದುಕಿ ಈರುಳ್ಳಿ ಬೇಡ ಅಂದದ್ದು ನನಗೆ ಎರಡನೇ ಸಲಕ್ಕೇ ತಿಳಿದದ್ದು.

ತುಂಬಿದ ಸೀಸನ್ನಿನಲ್ಲಿ ಅಷ್ಟೂ ಜನರನ್ನು ಮನೆಗೆ ಕಳಿಸುವುದು ಲೊಸಾನೊನಿಂದ ಆಗುವ ಮಾತಾಗಿರಲಿಲ್ಲ. ಕಟ್ಟಳೆಯ ಸುದ್ದಿ ಮತ್ತೆ ಎತ್ತಲಿಲ್ಲ. ಆದರೆ ಯುಲೇಡಿಸ್‌ಳನ್ನು ಮೇಲಕ್ಕೂ ಕರೆಸಲಿಲ್ಲ. ಅವಳೂ ಕಾಯದೆ, ಸಮುದ್ರದ ದಂಡೆಯ ಮೀನೂಟದ ಅಂಗಡಿಯೊಂದನ್ನು ಸೇರಿಕೊಂಡಳು. ಪಾಠಕ್ಕೆ ಮಾತ್ರ ಈಗಲೂ ಬರುತ್ತಾಳೆ.

ಹೊಸದಾಗಿ ಸೇರುವವರಿಗೆ ಲೊಸಾನೊ ಈಗ ಕೈಕಟ್ಟಿಕೊಂಡು ಬುದ್ಧಿ ಹೇಳುತ್ತಾನೆ: “ಅನುಮಾನ ಬಂದ್ರೆ ಗಿರಾಕೀನ ಮತ್ತೆ ಕೇಳಿ. ಇಲ್ಲಿ ಮೊದಲಿಂದ್ಲೂ ಹಾಗೇನೇ.” ಅದನ್ನು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ.