ಲವೀನಿಯಾ ಪೆಕ್ ಹಾಕಿದ ಸಹಿ

"ಮಾನವಕುಲದ ಮಹಾಯಾತ್ರೆಯಲ್ಲಿ ಒಂದು ಘಳಿಗೆ ಒದಗಿ ಬಂದು, ಒಂದು ಊರಿನ ಸ್ತ್ರೀಸಮೂಹವು ತಂತಮ್ಮ ಕುರ್ಚಿಗಳನ್ನು ತಂತಮ್ಮ ಮನೆಗಳಿಂದಲೇ ಹೊತ್ತು ತರುವುದು ಅನಿವಾರ್ಯವಾದಾಗ, ಅದರ ಕಾರಣವನ್ನು ಜಗತ್ತಿಗೆ ಸಾರುವುದು ಸಭ್ಯತೆಯ ಲಕ್ಷಣ. ಕಾರಣ: ಸಭಾಂಗಣದಲ್ಲಿರುವುದು ಎರಡೇ ಬೆಂಚು."

ಕಾಲುವೆದಂಡೆಯ ಹ್ಯಾಲೆಟ್ಸ್ ಲಾಕ್ ಊರಿನಲ್ಲಿ, ದಿನಸಿ ಅಂಗಡಿಯ ಬಾಗಿಲಿಗೆ ಈ ಪ್ರಕಟಣೆ ಜಡಿದವಳು ಬಟ್ಟೆ ಹೊಲಿಯುವ ಲವೀನಿಯಾ ಪೆಕ್. ಹೋದ ವರ್ಷ ಸೆನೆಕಾ ಫಾಲ್ಸಿನಲ್ಲಿ ಹೆಂಗಸರು ಸೇರಿ, ದೇಶದ ಸ್ವಾತಂತ್ರ್ಯ ಘೋಷಣೆಯ ಧಾಟಿಯಲ್ಲೇ ತಮ್ಮ ಹಕ್ಕುಗಳದೊಂದು ಘೋಷಣೆ ಬರೆದು ಓದಿದ್ದರಲ್ಲ, ಅಂದಿನಿಂದ ಈ ಊರಿನ ಹೆಂಗಸರಿಗೂ ನಿದ್ದೆ ಇರಲಿಲ್ಲ. ಕೌದಿ ಹೊಲಿಯುವ ನೆಪದಲ್ಲಿ ಲವೀನಿಯಾಳ ಮನೆಯಲ್ಲಿ ಸೇರುತ್ತಿದ್ದರು. ಕೌದಿಯ ಮೇಲೆ ಸೂಜಿ, ಕೌದಿಯ ಕೆಳಗೆ ಪೆನ್ಸಿಲ್. ಇವರ ಘೋಷಣೆ ಬರೆದು ಮುಗಿಯಿತು, ಕೌದಿ ಮುಗಿಯಲಿಲ್ಲ.

ಸಭೆಯಲ್ಲಿ ಅದನ್ನು ಓದುವ ಭಾಗ್ಯ ಹಲ್ಡಾ ಕ್ರಾಸ್‌ವೆಲ್‌ಳದು. ಚರ್ಚಿನಲ್ಲಿ ಹಾಡುವುದು ಬಿಟ್ಟರೆ ನಾಲ್ಕು ಜನರ ಮುಂದೆ ಅವಳು ಬಾಯಿ ತೆರೆದವಳಲ್ಲ. ಮದುವೆಯಾದಾಗಿನಿಂದ ಅವಳ ಪರವಾಗಿ ಮಾತಾಡುತ್ತಿದ್ದವನು ಗಂಡ ಆರಿನ್. ಅವಳ ಹಲ್ಲುನೋವನ್ನು ವೈದ್ಯರಿಗೆ ವರ್ಣಿಸಿದವನೂ ಅವನೇ, ತಪ್ಪು ಹಲ್ಲು ಕೀಳಿಸಿದವನೂ ಅವನೇ. ಒಂದೇ ಒಂದು ಸಲ ತನ್ನ ಮಾತು ತನ್ನ ಗಂಟಲಿನಿಂದ ಹೊರಡಬೇಕು, ಊರು ಕೇಳಬೇಕು ಎಂದು ಹಲ್ಡಾಳ ಆಸೆ. ಹಾಲು ಕರೆಯುತ್ತ ಹಸುವಿಗೆ ಘೋಷಣೆ ಒಪ್ಪಿಸುತ್ತಿದ್ದಳು.

"ಏನೇ, ಹಸುಗೂ ಹಕ್ಕು ಕೊಡಿಸ್ತೀಯಾ?" ಅಂದ ಆರಿನ್.

"ಅದಕ್ಕೆ ಬೇಕಿಲ್ಲ ರೀ. ಅದಕ್ಕೆ ಗಂಡ ಇಲ್ವಲ್ಲ."

ಸಭಾಂಗಣ ಪಾನನಿರೋಧ ಸಂಘದ್ದು. ಬೀಗದ ಕೈ ಚರ್ಚಿನ ಹಿರಿಯರಾದ ಗಿಡಿಯನ್ ಸ್ಪ್ರೇಗರ ಸೊಂಟದಲ್ಲಿ. ಸಭಾಂಗಣ ಬೇಕೆಂದರೆ ಕರಾರಿಗೆ ಸಹಿ ಬೇಕು. ಮದುವೆಯಾದ ಹೆಂಗಸಿನ ಸಹಿ ಕಾನೂನಿನ ಕಣ್ಣಿಗೆ ಕೋಳಿ ಕೆದರಿದ ಗುರುತು, ಗಂಡನೇ ಹಾಕಬೇಕು. ಗಂಡಸರು ಸಹಿ ಮಾಡುತ್ತಾರೆ, ಹೆಂಗಸರು ಸಹಿಸುತ್ತಾರೆ.

"ನಾನು ಹಾಕ್ತಿದ್ದೆ ಕಣೆ," ಅಂದ ಆರಿನ್, "ಆದ್ರೆ ಆ ಬ್ಯಾಬ್‌ಕಾಕ್ ಪೇಪರ್ನಲ್ಲಿ ಬರ್ದು ಮಾನ ಕಳೀತಾನೆ."

ರೂಫಸ್ ಬ್ಯಾಬ್‌ಕಾಕ್ ಊರಿನ ಪತ್ರಿಕೆಯ ಸಂಪಾದಕ. 'ಕೋಳಿಗಳ ಮಹಾಸಭೆ: ಇನ್ನು ಮೊಟ್ಟೆ ಇಡುವವರಾರು?' ಎಂದು ಬರೆದು ಆಗಲೇ ಊರನ್ನು ನಗಿಸಿದ್ದ.

"ಗಂಡಂದಿರ ಕಾಲು ಹಿಡಿಯೋದು ಬಿಡ್ರೇ," ಅಂದಳು ಲವೀನಿಯಾ. "ಆ ಮದ್ವೆ ಗುಂಡೀಲಿ ಬೀಳದೆ ಉಳಿದಿರೋಳು ನಾನೊಬ್ಳು ಇದೀನಲ್ಲ! ನನ್ನ ಹೆಸ್ರು ನಂದೇ."

ಘೋಷಣೆಯ ಮೊದಲ ದೂರೂ ಅವಳದೇ ಕೈಬರಹ: ಮದುವೆಯಾದ ಹೆಣ್ಣು ಕಾನೂನಿನ ಪಾಲಿಗೆ ಸತ್ತ ಹೆಣ್ಣು, ಬುದ್ಧಿಯಿದ್ದವಳು ಬದುಕಿದ್ದಾಗಲೇ ಸಮಾಧಿ ಹೊಗುವುದಿಲ್ಲ. ಮಂಗಳವಾರ ಹೋಗಿ ಸಹಿ ಹಾಕಿ ಬಂದಳು. ಹಲ್ಡಾ ಆ ಕೈಗೆ ಮುತ್ತಿಟ್ಟಳು.

ನವೆಂಬರಿನ ಶನಿವಾರ ಇಳಿಮಧ್ಯಾಹ್ನ ಕುರ್ಚಿಗಳ ಮೆರವಣಿಗೆ ಬಂದು ನಿಂತರೆ, ಬಾಗಿಲಿಗೆ ಬೀಗ. ಮೆಟ್ಟಿಲ ಮೇಲೆ ಸ್ಪ್ರೇಗ್, ಕೈಯಲ್ಲಿ ಅವತ್ತಿನ ಪತ್ರಿಕೆ.

"ಕರಾರು ಬಿದ್ದುಹೋಯ್ತಮ್ಮ. ಸಹಿ ಹಾಕಿರೋರು ಶ್ರೀಮತಿ ಬ್ಯಾಬ್‌ಕಾಕ್."

"ಅದ್ಯಾರು?" ಅಂದಳು ಹಲ್ಡಾ.

"ನಿಮ್ಮ ಲವೀನಿಯಾನೇ. ಸೋಮವಾರ ಪಕ್ಕದೂರಲ್ಲಿ ಮದುವೆ ಆಗಿದೆ. ಗಂಡನೇ ಅಚ್ಚು ಹಾಕ್ಸಿದಾನೆ, ನೋಡಿ."

"ಅದೂ ಅವನದೊಂದು ತಮಾಷೆ," ಎಂದು ಹಲ್ಡಾ ನಕ್ಕಳು. ನಗು ಮುಗಿಯುವುದರೊಳಗೆ ತಮಾಷೆಯೇ ಬೀದಿಯಲ್ಲಿ ನಡೆದು ಬಂತು, ಹೊಸ ಟೋಪಿ ಇಟ್ಟು, ಬ್ಯಾಬ್‌ಕಾಕನ ತೋಳಿಗೆ ತೋಳು ಸೇರಿಸಿ.

"ಸೋಮವಾರ ಮದ್ವೆ, ಮಂಗಳವಾರ ಸಹಿ. ಅಲ್ವೇನೇ?" ಕೇಳಿದಳು ಹಲ್ಡಾ.

"ಸಭೆ ಮುಗಿದ್ಮೇಲೆ ಹೇಳೋಣ ಅಂತಿದ್ದೆ ಕಣೆ," ಅಂದಳು ಲವೀನಿಯಾ. "ಇವ್ರು ಅವಸರ ಮಾಡ್ಬಿಟ್ರು."

"ಇವ್ರಾ? ಗುರುವಾರ ಕೂಡ 'ಆ ಕತ್ತೆ' ಅಂದ್ಯಲ್ಲೇ!"

ಬ್ಯಾಬ್‌ಕಾಕ್ ಟೋಪಿ ಎತ್ತಿದ. "ಕತ್ತೇನೇ ತಾಯಿ. ಆದ್ರೆ ಸಹಿ ಮಾಡೋಕೆ ಬರೋ ಕತ್ತೆ."

"ಹಾಗಾದ್ರೆ ಈಗಲೇ ಮಾಡಿ."

"ಮಾಡಿದ್ರೆ ನಾಳೆಯಿಂದ ಊರು ನನ್ನ ನೋಡಿ ನಗುತ್ತೆ. ನಗಿಸೋದು ನನ್ನ ಕಸುಬು ತಾಯಿ, ನಗೆಪಾಟಲಾಗೋದಲ್ಲ."

ಸಂಪಾದಕನ ಕೈ ಹಿಡಿದವಳು ಹಲ್ಡಾಳಿಗೆ ಕೈ ಕೊಟ್ಟಿದ್ದಳು. ಮದುವೆಯಾದದ್ದಕ್ಕಲ್ಲ ಹಲ್ಡಾಳ ಹೊಟ್ಟೆ ಉರಿದದ್ದು. ಗುರುವಾರ ಕೌದಿಯ ಸುತ್ತ ಕೂತು ಅದೇ ಮೊದಲ ದೂರನ್ನು ಲವೀನಿಯಾ ಅವಳಿಂದ ಮತ್ತೆ ಮತ್ತೆ ಓದಿಸಿದ್ದಳು. "ಇನ್ನೂ ಗಟ್ಟಿಯಾಗಿ ಓದೇ, ನಂಬಿ ಓದು!" ಅಂದಿದ್ದಳು. ಆಗ ಉಂಗುರ ಸೂಜಿಡಬ್ಬಿಯಲ್ಲಿತ್ತೋ ಏನೋ.

ಹಿಂದಿನಿಂದ ಕೌದಿ ಗುಂಪಿನ ಮುದುಕಿ ಎಲೆಕ್ಟಜ್ಜಿ ಗುಂಪನ್ನು ಸೀಳಿಕೊಂಡು ಬಂದಳು. "ಸ್ಪ್ರೇಗಪ್ಪಾ, ವಿಧವೆ ಸಹಿ ನಡೆಯುತ್ತೋ ಇಲ್ವೋ?"

ಸ್ಪ್ರೇಗ್ ಗಡ್ಡ ಕೆರೆದುಕೊಂಡರು. "ನಡೆಯುತ್ತೆ."

"ನೋಡಿದ್ರೇನ್ರೇ? ಬದುಕಿದ್ದಾಗ ನನ್ನ ಗಂಡನಿಂದ ಒಂದು ಉಪಕಾರ ಆಗ್ಲಿಲ್ಲ. ಸತ್ತು ಮಾಡ್ದ ಪುಣ್ಯಾತ್ಮ! ತನ್ನಿ ಕಾಗದ. ಎರಡು ಪುಟ ಓದೋಕೆ ಎಷ್ಟೊತ್ತು?"

ಹೆಂಗಸರು ಗೊಳ್ಳೆಂದರು. ಸ್ಪ್ರೇಗ್ ಮನೆಗೆ ಹೋಗಿ ಮಸಿ, ಕಾಗದ ತಂದರು. ಹಾಗೆಯೇ ದಾರಿಯಲ್ಲಿ ತಪ್ಪಿಸಿಕೊಂಡ ಹಂದಿಯೊಂದನ್ನು ಬೇಲಿಯೊಳಗೆ ಅಟ್ಟಿಯೂ ಬಂದರು. ಮೆಟ್ಟಿಲ ಮೇಲೆ ಕೂತು ಒಂದೊಂದೇ ಅಕ್ಷರ ಕೊರೆದು ಹೊಸ ಕರಾರು ಬರೆದರು. ಹಲ್ಡಾ ಘೋಷಣೆ ಬಿಚ್ಚಿ ಹಿಡಿದು, ಕೆಮ್ಮಿ ಗಂಟಲು ಸರಿಮಾಡಿಕೊಂಡಳು. ಅಜ್ಜಿ ಲೇಖನಿ ಅದ್ದಿದಳು.

"ಹಿರಿಯರೇ," ಎಂದಿತು ಒಂದು ಮೆತ್ತನೆಯ ದನಿ. ಲವೀನಿಯಾಳದು. "ಹೊತ್ತು ಮುಳುಗಿತು."

ಎಲ್ಲರೂ ಕಾಲುವೆಯಾಚೆ ನೋಡಿದರು. ಸೂರ್ಯ ಇರಲಿಲ್ಲ. ಆ ಊರಿನಲ್ಲಿ ದೇವರ ದಿನವಾದ ಭಾನುವಾರ ಶುರುವಾಗುವುದು ಶನಿವಾರ ಹೊತ್ತು ಮುಳುಗಿದಾಗಲೇ. ಆಮೇಲೆ ಹೊಲಿಗೆಯಿಲ್ಲ, ವ್ಯಾಪಾರವಿಲ್ಲ, ಕರಾರಿಲ್ಲ, ಬೀದಿಯಲ್ಲಿ ಭಾಷಣವಂತೂ ಇಲ್ಲವೇ ಇಲ್ಲ. ಅಲ್ಲಿದ್ದ ಒಬ್ಬೊಬ್ಬ ಹೆಂಗಸೂ ತನ್ನ ಮಕ್ಕಳ ಕಿವಿ ಹಿಂಡಿ ಕಲಿಸಿದ ನೇಮ ಅದು. ಯಾರು ಯಾರೊಡನೆ ವಾದಿಸುವುದು?

ಹಲ್ಡಾ ಲವೀನಿಯಾಳತ್ತ ತಿರುಗಿದಳು. ಲವೀನಿಯಾ ಮುಳುಗಿದ ಸೂರ್ಯನನ್ನು ನೋಡುತ್ತಿರಲಿಲ್ಲ. ಹಲ್ಡಾಳ ಕೈಯಲ್ಲಿದ್ದ ತನ್ನದೇ ಕೈಬರಹದ ಮೊದಲ ದೂರನ್ನು ನೋಡುತ್ತಿದ್ದಳು.

ಸ್ಪ್ರೇಗ್ ಅಜ್ಜಿಯ ಬೆರಳುಗಳಿಂದ ಲೇಖನಿಯನ್ನು ಮೆಲ್ಲನೆ ಬಿಡಿಸಿಕೊಂಡರು.

"ಭಾನುವಾರ ಹಾಕಿದ ಸಹಿ ನಡೆಯಲ್ಲಮ್ಮ."