ಡ್ರೈವರಿಲ್ಲದ ಬಸ್ಸು

ಬಿಸಿ ಉಪ್ಪಿಟ್ಟಿನ ಪಾತ್ರೆಯನ್ನು ಸೊಂಟಕ್ಕೆ ಒತ್ತಿಕೊಂಡು ಚಂದ್ರಿಕಾ ಮೊಣಕೈಯಿಂದ ಬಾಗಿಲು ತಳ್ಳುವಾಗಲೇ ಫೋನು ಮತ್ತೆ ಬಡಿದುಕೊಂಡಿತು. ಬೆಳಿಗ್ಗೆಯಿಂದ ಇದೇ ರಾಗ. ಹೆಣದ ವ್ಯಾನು ಶಾಲೆಯ ಗೇಟಿನ ಮುಂದೆ ನಿಲ್ಲುತ್ತದಂತೆ, ನಿಜವೇ? ಜೈಲಿಗೆ ಹೋಗಿಬಂದವನಿಗೆ ಮಕ್ಕಳು ಸಾಲಾಗಿ ನಿಂತು ಮರ್ಯಾದೆ ಮಾಡಬೇಕೇ? ಚಂದ್ರಿಕಾ ಶಾಲೆಯ ಆಡಳಿತ ಮಂಡಳಿಯ ಅಧ್ಯಕ್ಷೆ. ಹೂಂ ಅನ್ನುವವಳೂ ಅವಳೇ, ಉಹೂಂ ಅನ್ನುವವಳೂ ಅವಳೇ.

ಇಕ್ರಾಮ್ ತೀರಿಕೊಂಡಿದ್ದ, ಸಾವಿನ ಮನೆಯಲ್ಲಿ ಒಲೆ ಹಚ್ಚಿರಲಿಲ್ಲ. ಅಕ್ಕಪಕ್ಕದ ಕನ್ನಡದವರೆಲ್ಲ ಪಾತ್ರೆ ಹೊತ್ತು ಬಂದಿದ್ದರು. ಅಡುಗೆಮನೆಯಲ್ಲಿ ನಿವೃತ್ತ ಇಂಜಿನಿಯರ್ ಪದ್ಮನಾಭ ಮುಚ್ಚಳ ಎತ್ತಿ ನೋಡಿದರು.

"ಇಕ್ರಾಮ್ ಬೇಡ ಅಂತ ಕೈ ಎತ್ತಿದವಳು ನೀನೇ ಅಲ್ವೇನಮ್ಮ? ಈಗ ಉಪ್ಪಿಟ್ಟು ತಂದಿದೀಯ."

"ಎತ್ತಿದ್ದೆ ಅಂಕಲ್. ಇವತ್ತು ಇನ್ನೊಬ್ಬ ಬಂದ್ರೂ ಅದೇ ಪ್ರಶ್ನೆ ಕೇಳ್ತೀನಿ. ಅದಕ್ಕೂ ಉಪ್ಪಿಟ್ಟಿಗೂ ಏನು ಸಂಬಂಧ?"

ಒಳಕೋಣೆಯಲ್ಲಿ ಇಕ್ರಾಮನ ಹೆಂಡತಿ ಶಮೀನಾ ಗೋಡೆಗೊರಗಿ ಕುಳಿತಿದ್ದಳು. ಚಂದ್ರಿಕಾಳ ಕೈ ಹಿಡಿದುಕೊಂಡಳು.

"ನಾವು ಹೆಂಗಸ್ರು ಕಬರಸ್ತಾನಕ್ಕ ಹೋಗಂಗಿಲ್ಲ ಅಕ್ಕಾರ. ಸಾಲಿ ಗೇಟಿನ ತನಕ ಹೋಗ್ತೀನಿ. ಅಲ್ಲಿ ಒಂದ್ ಚೂರು ನಿಲ್ಲಿಸಾಕ ಹೇಳ್ರಿ. ಅವರಂತೂ ಏನೂ ಬೇಡಿದವರಲ್ಲ. ನಾ ಬೇಡಾಕತ್ತೀನಿ."

* * *

ಇಕ್ರಾಮ್ ರಾಣೆಬೆನ್ನೂರಿನವನು, ಈ ಪರದೇಶಕ್ಕೆ ಬಂದು ಇಲ್ಲಿನ ಈಸ್ಟ್ ತಮಾಕಿಯಲ್ಲಿ ಟ್ರಕ್ಕು ಓಡಿಸುತ್ತಿದ್ದ. ಒಂದು ಬೆಳಿಗ್ಗೆ ಅವಸರದಲ್ಲಿ ಜೀಬ್ರಾ ಪಟ್ಟೆಯ ಮುಂದೆ ನಿಲ್ಲಿಸಲಿಲ್ಲ. ಶಾಲೆಗೆ ಹೊರಟಿದ್ದ ಹುಡುಗ ಬದುಕಿದ, ಒಂದು ಕಾಲು ಹೋಯಿತು. ಇಕ್ರಾಮ್ ಜೈಲು ಮುಗಿಸಿ ಹೊರಬಂದವನು ಮತ್ತೆ ಸ್ಟೀರಿಂಗ್ ಮುಟ್ಟಲಿಲ್ಲ.

ಎರಡು ಸಾವಿರದ ಒಂದರಲ್ಲಿ ಶಾಲೆಯವರು ನಡೆಯುವ ಬಸ್ಸು ಶುರುಮಾಡಿದರು. ಬಸ್ಸೆಂದರೆ ಒಂದು ಹಗ್ಗ, ಅದನ್ನು ಹಿಡಿದು ಸಾಲಾಗಿ ನಡೆಯುವ ಮಕ್ಕಳು, ಮುಂದೊಬ್ಬ ದೊಡ್ಡವನು. ಆ ಕೆಲಸಕ್ಕೆ ಇಕ್ರಾಮ್ ಬಂದ. ಯಾರೂ ಕೇಳುವ ಮೊದಲೇ ತನ್ನ ಕತೆ ಹೇಳಿದ.

ಮಂಡಳಿಯ ಸಭೆಯಲ್ಲಿ ಚಂದ್ರಿಕಾ ಬಿಡಲಿಲ್ಲ. "ನಿಮ್ಮಂಥವರ ಕೈಗೆ ನಿಮ್ಮ ಮಗೂನ ಕೊಡ್ತೀರಾ?"

"ಕೊಡ್ತೀನ್ರಿ ಅಕ್ಕಾರ. ಆದ್ರ ಹಿಂದಿಂದ ಹೋಗಿ ನೋಡ್ತೀನಿ."

ಅವಳು ಬೇಡವೆಂದಳು, ಉಳಿದವರು ಬೇಕೆಂದರು. ಮರುದಿನದಿಂದ ಅವಳು ನಿಜಕ್ಕೂ ಹಿಂದೆ ಬಿದ್ದಳು. ಡೈರಿ ಅಂಗಡಿಯ ಮರೆ, ಬೇಲಿಯ ಮರೆ. ಮರೆ ಯಾರಿಗೆ? ಮಕ್ಕಳೇ ತಿರುಗಿ ಟಾಟಾ ಮಾಡುತ್ತಿದ್ದರು. ಕೊನೆಗೊಂದು ದಿನ ಇಕ್ರಾಮ್ ಸಾಲು ನಿಲ್ಲಿಸಿ ಹಿಂದಕ್ಕೆ ಬಂದು ಕಿತ್ತಳೆ ಜಾಕೀಟನ್ನೂ ಸೀಟಿಯನ್ನೂ ಅವಳ ಕೈಗಿಟ್ಟ.

"ಹೆಂಗೂ ಬರಾಕತ್ತೀರಿ. ಹಿಂದಿನ ಬಾಗಿಲು ನೀವು ನೋಡ್ಕೊಳ್ರಿ. ನಮ್ಮೂರ ಬಸ್ಸಿನಂಗ, ಒಂದು ಸೀಟಿಗೆ ನಿಲ್ಲೋದು, ಎರಡಕ್ಕ ಹೊರಡೋದು."

ಮಕ್ಕಳು ಅವನನ್ನು ಡ್ರೈವರ್ ಎಂದು ಕರೆದರೆ ಒಪ್ಪುತ್ತಿರಲಿಲ್ಲ, ಕಂಡಕ್ಟರ್ ಅನ್ನಬೇಕು. ಹಾಗಾಗಿ ಡ್ರೈವರಿಲ್ಲದ ಬಸ್ಸಿಗೆ ಕಂಡಕ್ಟರು ಇಬ್ಬರು. ಹಿಂದಿನಿಂದ ಎರಡು ಸೀಟಿ ಕೇಳದೆ, ರಸ್ತೆ ಖಾಲಿಯಿದ್ದರೂ, ಅವನು ಒಂದು ಹೆಜ್ಜೆ ಎತ್ತಿಡುತ್ತಿರಲಿಲ್ಲ. ಆರು ವರ್ಷ ಹಾಗೇ ನಡೆಯಿತು.

* * *

ಶಮೀನಾಳ ಕೋಣೆಯಿಂದ ಹೊರಬರುವಾಗ ಮತ್ತೆ ಬಡಿದುಕೊಂಡ ಫೋನಿನಲ್ಲಿದ್ದವಳು ಅನುರಾಧಾ, ಶಾಲೆಗೆ ಮಗಳನ್ನು ಕಳಿಸುವವಳು.

"ನಿಲ್ಲತ್ತೆ ಅನುರಾಧಾ," ಎಂದಳು ಚಂದ್ರಿಕಾ. "ನಿನ್ನ ಮಗಳು ಒಳಗೇ ಇರ್ಲಿ ಅಂದ್ರೆ ಇರ್ಲಿ, ನಾನು ಬೇಜಾರು ಮಾಡ್ಕೊಳಲ್ಲ. ಆದ್ರೆ ವ್ಯಾನು ನಿಲ್ಲತ್ತೆ. ನಾನೇ ನಿಲ್ಲಿಸ್ತೀನಿ."

ಮಸೀದಿಯಲ್ಲಿ ನಮಾಜು ಮುಗಿಸಿ ವ್ಯಾನು ಬಂತು. ತರಗತಿಯ ಕಿಟಕಿಗಳಲ್ಲಿ ಕೆಲವು ಮುಖಗಳು ಇದ್ದವು. ಉಳಿದ ಮಕ್ಕಳು ಹಗ್ಗ ಹಿಡಿದು ರಸ್ತೆಯ ಆಚೆ ಬದಿಯಲ್ಲಿ ನಿಂತಿದ್ದರು, ಸಾಲಿನ ಮುಂದಿನ ಜಾಗ ಖಾಲಿ. ಗೇಟಿನ ಬಳಿ ಶಮೀನಾ.

ಕಿತ್ತಳೆ ಜಾಕೀಟು ತೊಟ್ಟ ಚಂದ್ರಿಕಾ ಸಾಲಿನ ಹಿಂದಿನಿಂದ ಒಂದು ಸೀಟಿ ಊದಿದಳು. ವ್ಯಾನು ಜೀಬ್ರಾ ಪಟ್ಟೆಯ ಮುಂದೆ ನಿಂತಿತು.

ಮಕ್ಕಳು ದಾಟಿದರು. ಅವಸರವಿರಲಿಲ್ಲ. ಶಮೀನಾ ಬಂದು ವ್ಯಾನಿನ ಗಾಜಿನ ಮೇಲೆ ಅಂಗೈಯಿಟ್ಟು ನಿಂತಳು. ನಡುವೆ ಒಬ್ಬ ಪುಟ್ಟಿಯ ಬೂಟು ಕಳಚಿತು, ಅವಳು ಕೂತು ಹಾಕಿಕೊಂಡಳು. ವ್ಯಾನು ಕಾಯಿತು. ಕೊನೆಯ ಮಗುವಿನ ಹಿಂದಿನ ಕಾಲು ಬಿಳಿ ಪಟ್ಟೆ ಬಿಟ್ಟು ಫುಟ್‌ಪಾತ್ ಹತ್ತಿತು. ಶಮೀನಾ ಕೈ ತೆಗೆದಳು.

ಚಂದ್ರಿಕಾ ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು, ಎರಡು ಸೀಟಿ ಊದಿದಳು.