ಈ ವರ್ಷದ ಹುಳ

ವಿಜ್ಞಾನದ ಟೀಚರ್ ಅಂಜುಮಳಿಗೆ ವಂದನಾರ್ಪಣೆ ವಹಿಸಿದ್ದು ಗೌರವಕ್ಕಲ್ಲ ಎಂಬುದು ಇಡೀ ಸ್ಟಾಫ್ ರೂಮಿಗೆ ಗೊತ್ತಿತ್ತು. ಆಳಂದದ ಆ ಹೈಸ್ಕೂಲಿನಲ್ಲಿ ವಂದನಾರ್ಪಣೆ ಎಂದರೆ ಜನ ಎದ್ದು ಚಪ್ಪಲಿ ಹುಡುಕುವ ಹೊತ್ತಿಗೆ ಯಾರೋ ಮೈಕಿನ ಮುಂದೆ ನಿಂತು ಹೆಸರು ಓದುವ ಕೆಲಸ. ಈ ಸಲ ಮಾತ್ರ ಎಲ್ಲರೂ ಅದಕ್ಕೇ ಕಾಯುತ್ತಿದ್ದರು. ಜೀವವಿಕಾಸವೆಲ್ಲ ಬರೀ ಬೊಗಳೆ ಎಂದು ಹೇಳಲು ಪುಣೆಯಿಂದ ಒಬ್ಬ ಉಪನ್ಯಾಸಕರು ಬರುವವರಿದ್ದರು. ಆ ಪಾಠ ಹೇಳಿಕೊಟ್ಟವಳ ಬಾಯಿಂದಲೇ ಅವರಿಗೆ ಧನ್ಯವಾದ ಹೇಳಿಸಬೇಕಿತ್ತು.

"ಚಂದಾಗಿ ನಾಲ್ಕು ಮಾತು ಹೇಳಿ ಮುಗಸ್ರಿ," ಎಂದರು ಹೆಡ್ ಮೇಡಂ ಗುರುಶಾಂತಮ್ಮ. "ಸೋಮವಾರ ಕಮಿಟಿ ಕೂಡ್ತದ. ನಿಮ್ಮ ನೌಕ್ರಿ ಕಾಯಂ ಮಾಡೋ ಮಾತು ಅದ. ಸಾವ್ಕಾರ್ರ ಮನಸ್ಸು ಕೆಡಸಬ್ಯಾಡ್ರಿ."

ಸಾವ್ಕಾರ್ರು ಅಂದರೆ ಮಲ್ಲಣ್ಣ, ಶಾಲೆಯ ಕಮಿಟಿಯ ಅಧ್ಯಕ್ಷರು. ಬಜಾರದಲ್ಲಿ ಬೀಜ, ಗೊಬ್ಬರ, ಎಣ್ಣೆಯ ಅಂಗಡಿ ಅವರದು. ಎಣ್ಣೆ ಅಂದರೆ ಒಗ್ಗರಣೆಯದಲ್ಲ, ಬೆಳೆಗೆ ಹೊಡೆಯುವ ಕೀಟನಾಶಕ. ಈ ಸೀಮೆಯಲ್ಲಿ ಅದಕ್ಕೆ ಎಣ್ಣೆ ಎಂದೇ ಹೆಸರು. ತೊಗರಿ ಹೂವಿಗೆ ಬಂತೆಂದರೆ ಮಲ್ಲಣ್ಣನವರ ಅಂಗಡಿಯ ಮುಂದೆ ಕಾಲಿಡಲು ಜಾಗ ಸಿಗುತ್ತಿರಲಿಲ್ಲ.

ಇಷ್ಟಕ್ಕೂ ಅಂಜುಮ ಮಾಡಿದ ತಪ್ಪು ಏನೆಂದರೆ ಪಾಠ ಮಾಡಿದ್ದು. ಬೇರೆ ಕಡೆಯ ಮಾಸ್ತರರು ಜೀವವಿಕಾಸ ಬಂದಾಗ "ಮನ್ಯಾಗ ಓದ್ಕೋರಿ" ಎಂದು ಹಾಳೆ ತಿರುವಿ ಜಾಣರಾಗುತ್ತಿದ್ದರು. ಇವಳು ಹತ್ತನೆಯ ತರಗತಿಯ ಮಕ್ಕಳನ್ನು ಕೇಳಿದಳು: ಹೋದ ವರ್ಷ ತೊಗರಿಯ ಕಾಯಿಕೊರಕ ಹುಳವನ್ನು ಸಾಯಿಸಿದ ಎಣ್ಣೆ ಈ ವರ್ಷ ಯಾಕೆ ಸಾಯಿಸಲಿಲ್ಲ? ಎಲ್ಲ ಹೊಲದ ಮನೆಯ ಮಕ್ಕಳೇ. "ಹುಳಕ್ಕ ರೂಢಿ ಆಗೇದ್ರಿ," ಎಂದು ಒಂದೇ ದನಿಯಲ್ಲಿ ಹೇಳಿದರು.

"ಸತ್ತ ಹುಳ ಏನು ರೂಢಿ ಮಾಡ್ಕೊಳ್ತದ?" ಎಂದಳು ಅಂಜುಮ. ಎಣ್ಣೆ ಬೀಳುವುದಕ್ಕಿಂತ ಮೊದಲೇ ಹುಳಗಳಲ್ಲಿ ಅಷ್ಟಿಷ್ಟು ವ್ಯತ್ಯಾಸ ಇರುತ್ತದೆ, ಅದನ್ನು ತಡೆದುಕೊಳ್ಳುವ ಗುಣ ಹುಟ್ಟಿನಿಂದಲೇ ಬಂದ ಒಂದೆರಡು ಉಳಿಯುತ್ತವೆ, ಮುಂದಿನ ವರ್ಷ ಹೊಲ ತುಂಬುವುದು ಅವುಗಳ ಸಂತಾನ. ಹುಳ ಯಾವುದೂ ಕಲಿಯಲಿಲ್ಲ, ಹುಳದ ಕುಲ ಬದಲಾಯಿತು. ಮಕ್ಕಳ ಮುಖದಲ್ಲಿ ಅದು ಇಳಿಯುವುದನ್ನು ಕಂಡಾಗ ಅವಳಿಗೆ ಆದ ಸುಖ ಬೇರೆ ಯಾವ ಕೆಲಸದಲ್ಲೂ ಆಗಿರಲಿಲ್ಲ. ಆಮೇಲೆ ಒಬ್ಬಳು ಎದ್ದು "ಮತ್ತ ಮನುಷ್ಯಾರು?" ಎಂದು ಕೇಳಿದಳು. ಮನುಷ್ಯನೂ ಹಾಗೆಯೇ, ಮಂಗನಿಂದ ಹುಟ್ಟಿದವನಲ್ಲ, ಮಂಗನಿಗೂ ನಮಗೂ ಬಹಳ ಹಿಂದೆ ಪೂರ್ವಜರು ಒಂದೇ ಎಂದು ಅಂಜುಮ ಹೇಳಿದಳು. ಸಂಜೆಯೊಳಗೆ ಅದು "ಅಂಜುಮ ಟೀಚರ್ ನಮ್ಮ ಅಜ್ಜ-ಮುತ್ಯಾಗ ಮಂಗ್ಯಾ ಅಂದ್ರು" ಎಂದಾಗಿ ಊರೆಲ್ಲ ಸುತ್ತಿ ಬಂದಿತ್ತು.

ಕಿಣ್ಣಿ ಸುಲ್ತಾನ ಎಂಬ ಹಳ್ಳಿಯ ಅವಳ ತವರಿಗೂ ಸುದ್ದಿ ಮುಟ್ಟಿತು. ಅಬ್ಬಾ ಜಹೀರುದ್ದೀನ ಸಿಟ್ಟು ಮಾಡುವವರಲ್ಲ, ನೊಂದುಕೊಳ್ಳುವವರು. "ಮಸೀದ್ಯಾಗ ಕೇಳಾಕತ್ತಾರ ಬೇಟಾ. ನಾವು ಆದಮನ ಔಲಾದ, ಅವನ ಮಕ್ಕಳು ಅಲ್ಲೇನು?" ಎಂದರು.

"ನಾನು ನಮಾಜ ಬಿಟ್ಟಿಲ್ಲ ಅಬ್ಬಾ. ಅಲ್ಲಾ ಹ್ಯಾಂಗ ಮಾಡ್ದ ಅಂತ ಹುಡುಕಿ ನೋಡೋದು ಗುನಾ, ಪಾಪ ಏನು?"

ಹೊಲಕ್ಕೆ ಎಣ್ಣೆ ತರಬೇಕು, ಜೊತೆಗೆ ಬಾ ಎಂದು ಅಬ್ಬಾ ಮಾತು ತಿರುಗಿಸಿದರು.

ಮಲ್ಲಣ್ಣನವರ ಅಂಗಡಿಯಲ್ಲಿ ಅಬ್ಬಾ ಹೋದ ವರ್ಷದ ಖಾಲಿ ಬಾಟಲಿ ತೋರಿಸಿ ಇಂಥದ್ದೇ ಕೊಡಿ ಎಂದರು. ಮಲ್ಲಣ್ಣ ನಕ್ಕು ಬಾಟಲಿ ಪಕ್ಕಕ್ಕಿಟ್ಟರು. "ಇದು ಹೋದ ವರ್ಷದ ಹುಳಕ್ಕ ಚಾಚಾ. ಆ ಹುಳ ಸತ್ವು. ಸಾಯಲಾರದವು ಉಳದು ಮರಿ ಹಾಕ್ಯಾವ. ಈ ವರ್ಷದ ಹುಳ ಬ್ಯಾರೇನ ಅದ. ಹೊಸದು ಒಯ್ರಿ."

ಅಂಜುಮ ಬೆರಗಾಗಿ ನಿಂತಳು. ತರಗತಿಯಲ್ಲಿ ತಾನು ಅಷ್ಟು ಹೊತ್ತು ಹೇಳಿದ್ದನ್ನು ಈ ಮನುಷ್ಯ ಒಂದು ಉಸಿರಿನಲ್ಲಿ ಹೇಳಿ ಮಾರಾಟವನ್ನೂ ಮುಗಿಸಿದ್ದರು. ಪುಣೆಯವರನ್ನು ಕರೆಸುತ್ತಿದ್ದವರೂ ಇವರೇ. ಅವಳಿಗೆ ಮೈಯೆಲ್ಲ ಉರಿಯಿತು.

ಶನಿವಾರ ಕಾರ್ಯಕ್ರಮ. ಅಂಗಳ ತುಂಬಿತ್ತು. ಉಪನ್ಯಾಸಕರು ಭಾರಿ ಚತುರರು, ಯಾವ ದೇವರ ಹೆಸರನ್ನೂ ಎತ್ತಲಿಲ್ಲ. ಜೇಬಿನಿಂದ ಮೊಬೈಲ್ ತೆಗೆದು, ಇದು ತಾನಾಗಿಯೇ ಆಯಿತೇ ಎಂದು ಕೇಳಿದರು. ಹಾಗಾದರೆ ಇದಕ್ಕಿಂತ ಸೂಕ್ಷ್ಮವಾದ ಕಣ್ಣಿಗೆ ಒಬ್ಬ ವಿನ್ಯಾಸಕಾರ ಬೇಡವೇ ಎಂದರು. "ವಿನ್ಯಾಸಕಾರ ಯಾರೆಂದು ನಾನು ಹೇಳುವುದಿಲ್ಲ, ಅದು ನಿಮಗೆ ಬಿಟ್ಟದ್ದು. ಇದು ಧರ್ಮವಲ್ಲ, ವಿಜ್ಞಾನ." ಮುಂದಿನ ಸಾಲಿನ ವಿಭೂತಿಯ ಹಣೆಗಳೂ ಬಿಳಿ ಟೊಪ್ಪಿಗೆಗಳೂ ಕೂಡಿಯೇ ತಲೆದೂಗಿದವು. ನೀರಿನ ಟ್ಯಾಂಕ್ ಎಲ್ಲಿ ಕಟ್ಟಬೇಕೆಂಬುದರಲ್ಲೂ ಒಂದಾಗದ ಜನ ಇದೊಂದರಲ್ಲಿ ಒಂದಾಗಿದ್ದರು. "ಕಣ್ಣು ಹಂತ ಹಂತವಾಗಿ ಆಯಿತು ಅನ್ನುತ್ತಾರೆ. ಅರ್ಧ ಕಣ್ಣಿನಿಂದ ಏನು ಪ್ರಯೋಜನ, ಹೇಳಿ?" ಎಂದು ಅವರು ಕೇಳಿದಾಗ ದೊಡ್ಡ ಚಪ್ಪಾಳೆ ಬಿತ್ತು.

ಮೂರನೆಯ ಸಾಲಿನಲ್ಲಿ ಅಬ್ಬಾ ಕೂತಿದ್ದರು. ಒಂದು ಕಣ್ಣಿಗೆ ಮೋತಿಬಿಂದುವಿನ ಪೊರೆ ಬಂದು ಮಸುಕಾಗಿದೆ, ಇನ್ನೊಂದೂ ಮಂಜು. ಆ ಅರ್ಧ ಕಣ್ಣಿನಲ್ಲೇ ಅವರು ಬದು ದಾಟುತ್ತಾರೆ, ಬಾವಿಗೆ ಬೀಳದೆ ಮನೆಗೆ ಬರುತ್ತಾರೆ. ಅರ್ಧ ಕಣ್ಣಿನ ಬೆಲೆ ಅವರನ್ನು ಕೇಳಬೇಕಿತ್ತು. ಇನ್ನು ವಿನ್ಯಾಸದ ಮಾತೋ, ಅನ್ನ ಹೋಗುವ ದಾರಿಗೂ ಉಸಿರು ಹೋಗುವ ದಾರಿಗೂ ಗಂಟಲಲ್ಲಿ ಒಂದೇ ಬಾಗಿಲಿಟ್ಟು ಜನರನ್ನು ಉಸಿರು ಕಟ್ಟಿಸಿ ಸಾಯಿಸುವ ವಿನ್ಯಾಸವನ್ನು ಊರಲ್ಲಿ ಮನೆ ಕಟ್ಟುವ ಗೌಂಡಿಯೂ ಮಾಡಲಾರ. ಇಂಥ ಅರೆಬರೆ ಕೆಲಸವನ್ನೆಲ್ಲ ದೇವರ ತಲೆಗೆ ಕಟ್ಟುತ್ತಾರಲ್ಲ, ದೇವರಿಗೆ ಇದಕ್ಕಿಂತ ದೊಡ್ಡ ಅವಮಾನ ಯಾವುದು ಎಂದು ಅವಳಿಗೆ ಅನ್ನಿಸಿತು. ಪ್ರಶ್ನೆ ಕೇಳಲು ಮಾತ್ರ ಯಾರಿಗೂ ಅವಕಾಶ ಇರಲಿಲ್ಲ. ಉಳಿದದ್ದು ವಂದನಾರ್ಪಣೆಯೊಂದೇ.

ಅವಳು ಮೈಕಿನ ಮುಂದೆ ನಿಂತಾಗ ಗುರುಶಾಂತಮ್ಮನವರು ಕಣ್ಣಲ್ಲೇ ಬೇಡಿಕೊಂಡರು. ಸೋಮವಾರದ ಕಮಿಟಿ, ಇಷ್ಟು ವರ್ಷ ಕಾದ ನೌಕರಿ, ಎಲ್ಲ ಆ ಕ್ಷಣ ಕಣ್ಣ ಮುಂದೆ ಬಂದವು.

"ಜೀವಿಗಳು ಬದಲಾಗೋದೇ ಇಲ್ಲ ಅಂತ ತಿಳಿಸಿಕೊಟ್ಟ ಅತಿಥಿಗಳಿಗೆ ವಂದನೆಗಳು," ಎಂದಳು. "ನಮ್ಮ ಅಧ್ಯಕ್ಷರಿಗೆ ಇನ್ನೂ ದೊಡ್ಡ ವಂದನೆ ಹೇಳೋದದ. ಮೊನ್ನೆ ಅಂಗಡ್ಯಾಗ ನಮ್ಮ ಅಬ್ಬಾಗ ಅವರು ಹೇಳಿದ್ರು, ಸಾಯೋ ಹುಳ ಸತ್ವು, ಸಾಯಲಾರದವು ಮರಿ ಹಾಕಿದ್ವು, ಈ ವರ್ಷದ ಹುಳ ಬ್ಯಾರೇನ ಅದ ಅಂತ. ಜೀವವಿಕಾಸ ಅಂದ್ರ ಇಷ್ಟೇ. ನಾನು ಹೇಳಿದ ಪಾಠಾನೂ ಇದೇ. ನನಗಿಂತ ಚಂದ ಹೇಳಿದ ಅಧ್ಯಕ್ಷರಿಗೆ ಮತ್ತೊಮ್ಮೆ ವಂದನೆಗಳು."

ಈಗ ಯಾರಾದರೂ ಎದ್ದು ಕೇಳುತ್ತಾರೆ ಎಂದು ಅವಳು ಕಾದಳು. ಬೈದರೂ ಸರಿ, ತಿಳಿದು ಬೈಯಲಿ. ಹಿಂದಿನಿಂದ ಒಬ್ಬ ರೈತ, "ಖರೇ ಅದ್ರಿ, ಸಾವ್ಕಾರ್ರ ಎಣ್ಣಿ ಅಂದ್ರ ಎಣ್ಣಿ," ಎಂದ. ಜನ ನಕ್ಕು ಚಪ್ಪಾಳೆ ತಟ್ಟಿದರು, ಉಪನ್ಯಾಸಕರಿಗೆ ಬಿದ್ದುದಕ್ಕಿಂತ ಜೋರಾಗಿ. ಮಲ್ಲಣ್ಣ ಎದ್ದು ಕೈ ಮುಗಿದರು. ಪುಣೆಯವರೂ ಔಪಚಾರಿಕವಾಗಿ ನಕ್ಕರು. ಅತಿಥಿಯ ಮಾತಿಗೂ ಸಾವ್ಕಾರ್ರ ಮಾತಿಗೂ ತಾಳವಿಲ್ಲ ಎಂಬುದು ಅಂಗಳದಲ್ಲಿ ಯಾರಿಗೂ ಹೊಳೆದಂತೆ ಕಾಣಲಿಲ್ಲ.

"ಚಲೋ ಮಾತಾಡ್ದಿ ಬೇಟಾ," ಎಂದರು ಅಬ್ಬಾ, ಗೇಟಿನ ಹತ್ತಿರ. "ಸಾವ್ಕಾರ್ರ ಖುಷ್ ಆದ್ರು." ಅವಳಿಗೆ ಅಳು ಬಂತು. ಸಂತೋಷಕ್ಕೆ ಅಳುತ್ತಿದ್ದಾಳೆ ಎಂದುಕೊಂಡು ಅವರು ಅವಳ ತಲೆ ಸವರಿದರು.

ಸೋಮವಾರ ಕಮಿಟಿ ಮುಗಿದ ಮೇಲೆ ಮಲ್ಲಣ್ಣ ಅವಳನ್ನು ಅಂಗಡಿಗೇ ಕರೆಸಿದರು. ಕೂಡಲು ಕುರ್ಚಿ ಹಾಕಿಸಿ ಚಹಾ ತರಿಸಿದರು.

"ಮೊನ್ನೆ ನೀವು ಹೇಳಿದ್ದು ಅಲ್ಲಿ ಒಬ್ಬನಿಗೇ ತಿಳೀತು ಮೇಡಂ. ನನಗ."

ಅಂಜುಮ ಚಹಾ ಮುಟ್ಟಲಿಲ್ಲ. "ಹಂಗಾರ ನಾನು ಹೇಳಿದ್ದು ಸುಳ್ಳೇನ್ರಿ?"

"ಸುಳ್ಳಲ್ಲ, ಖರೇನ ಅದ. ನಮ್ಮ ಅಪ್ಪನ ಕಾಲದಿಂದ ಅದರ ಮ್ಯಾಲೇ ಅಂಗಡಿ ನಡಸಾಕತ್ತೇನಿ. ಆದ್ರ ಸಾಲಿ ನಡಿಯೋದು ಹುಳದ ಮ್ಯಾಲ ಅಲ್ಲ, ಮಂದಿ ಮ್ಯಾಲ. ಮಕ್ಕಳಿಗೆ ಮಂಗ್ಯಾನ ವಂಶ ಅಂದ್ರ ತಂದಿ-ತಾಯಿ ಸಾಲಿ ಬಿಡಿಸ್ಕೊಂಡು ಹೋಗ್ತಾರ." ಅವರು ಕಪ್ಪಿನಿಂದ ಬಸಿಗೆ ಚಹಾ ಸುರಿದು ಕುಡಿದರು. "ನೀವು ತಪ್ಪು ಹೇಳಿದ್ರ ತಿದ್ದಿ ಇಟ್ಕೊಳ್ತಿದ್ದೆ. ಖರೇ ಹೇಳೋರನ್ನ ತಿದ್ದಾಕ ಬರಂಗಿಲ್ಲ. ನಿಮ್ಮ ಜಾಗಾಕ್ಕ ಜೂನ್‌ನಿಂದ ಬ್ಯಾರೆಯವರು ಬರ್ತಾರ."

ಆ ದನಿಯಲ್ಲಿ ಸಿಟ್ಟು ಇರಲಿಲ್ಲ. ಅಜ್ಞಾನಿಯ ಎದುರು ಸೋಲಲು ಅವಳು ಸಿದ್ಧಳಾಗಿಯೇ ಬಂದಿದ್ದಳು. ಎಲ್ಲ ಬಲ್ಲವನ ಎದುರು ಸೋಲುವುದು ಹೇಗೆಂದು ಅವಳಿಗೆ ಗೊತ್ತಿರಲಿಲ್ಲ. ಅಷ್ಟರಲ್ಲಿ ಹಿರೋಳ್ಳಿ ಕಡೆಯ ರೈತನೊಬ್ಬ ಬಂದು ಹೋದ ವರ್ಷದ ಎಣ್ಣೆ ಕೇಳಿದ. ಮಲ್ಲಣ್ಣ ಅವಳ ಮುಂದೆಯೇ, ದನಿ ಕೂಡ ತಗ್ಗಿಸದೆ, "ಅದು ಈ ವರ್ಷದ ಹುಳಕ್ಕ ನಡಿಯಂಗಿಲ್ಲೋ," ಎಂದರು.

ಮುಂದಿನ ಭಾನುವಾರ ಅಂಜುಮ ಕಿಣ್ಣಿ ಸುಲ್ತಾನದ ಹೊಲದಲ್ಲಿದ್ದಳು. ಮಲ್ಲಣ್ಣ ಕೊಟ್ಟ ಹೊಸ ಎಣ್ಣೆ ಹೊಡೆದಾಗಿತ್ತು, ಆದರೂ ಕಾಯಿಯಲ್ಲಿ ಹುಳ ತಲೆ ತೂರಿಸಿ ತಿನ್ನುತ್ತಿದ್ದವು. ಇನ್ನು ಉಳಿದದ್ದು ಹಳೆಯ ದಾರಿ. ಅಮ್ಮಾ ಶಮ್ಸುನ್ನಿಸಾ ಸಾಲುಗಳ ನಡುವೆ ಹಳೆಯ ಸೀರೆ ಹಾಸಿದಳು, ಅಂಜುಮ ಗಿಡ ಬಗ್ಗಿಸಿ ಅಲ್ಲಾಡಿಸಿದಳು. ಹಸಿರು ಹುಳ ಪಟಪಟ ಉದುರಿದವು.

ಅಬ್ಬಾ ಒಂದನ್ನು ಅಂಗೈಯಲ್ಲಿಟ್ಟು ಕಣ್ಣಿನ ಹತ್ತಿರ ಹಿಡಿದು ನೋಡಿದರು. "ಈ ಎಣ್ಣಿನೂ ರೂಢಿ ಮಾಡ್ಕೊಂಡಾವ ನೋಡು. ಅಲ್ಲಾ ಎಷ್ಟು ಅಕಲ್, ಎಷ್ಟು ಬುದ್ಧಿ ಕೊಟ್ಟಾನ ಇವಕ್ಕ. ಹೌದಿಲ್ಲೋ ಬೇಟಾ?"

ಸತ್ತ ಹುಳ ಏನು ರೂಢಿ ಮಾಡ್ಕೊಳ್ತದ ಎಂಬ ಮಾತು ಅವಳ ನಾಲಿಗೆಯ ತುದಿಗೇ ಬಂದಿತ್ತು. ಅಬ್ಬಾನ ಮಂಜು ಕಣ್ಣು ಅವಳ ಮುಖದ ಮೇಲಿತ್ತು.

"ಹೌದು ಅಬ್ಬಾ, ರೂಢಿ ಆಗೇದ," ಎಂದು ಅಂಜುಮ ಹಾಸಿದ ಸೀರೆಯ ಅಂಚನ್ನು ಮುಂದಿನ ಗಿಡದ ಕೆಳಗೆ ಎಳೆದಳು.